ಕೆಲಸಕ್ಕೆ ಸ್ಕೂಟರ್: ಯಾವ ದಾರಿಗೆ, ಯಾರ ಲೆಕ್ಕದಲ್ಲಿ

ಹೊಸ ಕೆಲಸ ಸಿಕ್ಕಿದ ವಾರದಲ್ಲೇ ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ಏಳುವ ಮಾತು ಇದು: ಗಾಡಿ ತಗೊಳ್ಳೋದೋ, ಬಸ್ಸಲ್ಲೇ ಹೋಗಿ ಬರೋದೋ? ಗಾಡಿ ಎಂದರೆ ಈಗ ಹೆಚ್ಚಾಗಿ 110 ಅಥವಾ 125 ಸಿಸಿಯ ಗೇರಿಲ್ಲದ ಸ್ಕೂಟರ್, ಇಲ್ಲವೇ ಬ್ಯಾಟರಿಯದು. ಅಮ್ಮ ರಸ್ತೆಯ ಭಯ ಹೇಳುತ್ತಾರೆ. ಆಫೀಸಿನ ಗೆಳೆಯ ಗಾಡಿಯಿಲ್ಲದೆ ಈ ಊರಲ್ಲಿ ಆಗೋದಿಲ್ಲ ಎನ್ನುತ್ತಾನೆ. ಶೋರೂಮಿನವರು ಇಎಂಐ ಬರೆದ ಚೀಟಿ ಕೈಗಿಡುತ್ತಾರೆ. ಮೂವರು ಹೇಳುವುದೂ ಸರಿಯೇ. ಆದರೆ ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ.

ಸಾರಿಗೆಯನ್ನು ಅಭ್ಯಾಸ ಮಾಡುವವರ ನಡುವೆಯೂ ಸ್ಥಿತಿ ಹೆಚ್ಚುಕಡಿಮೆ ಹೀಗೇ ಇದೆ. ಅರ್ಥಶಾಸ್ತ್ರಜ್ಞರು ಸಮಯ ಅಳೆಯುತ್ತಾರೆ, ರಸ್ತೆ ಸುರಕ್ಷತೆಯವರು ಸಾವು ಎಣಿಸುತ್ತಾರೆ, ಬಸ್ಸಿನ ಪರ ಇರುವವರು ರಸ್ತೆಯ ಜಾಗದ ಲೆಕ್ಕ ತೆಗೆಯುತ್ತಾರೆ, ಹೆಣ್ಣುಮಕ್ಕಳ ಓಡಾಟವನ್ನು ಅಭ್ಯಾಸ ಮಾಡಿದವರು ಸ್ವಾತಂತ್ರ್ಯದ ಮಾತಾಡುತ್ತಾರೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ, ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಹೀಗಾಗಿ ಮನೆಯೊಳಗೆ ಆದ ತೀರ್ಮಾನ ಮನೆಯೊಳಗೆ ನಿಲ್ಲುವುದಿಲ್ಲ.

ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ. ಗಾಡಿಯನ್ನಷ್ಟೇ ನೋಡಿ ಸ್ಕೂಟರ್ ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಬರುವುದಿಲ್ಲ. ಬನಶಂಕರಿಯಿಂದ ಬಸವನಗುಡಿಗೆ ಹೋಗುವವರಿಗೆ ಅದು ಒಂದು ವಾಹನ. ಯಲಚೇನಹಳ್ಳಿಯಿಂದ ಹೊರವರ್ತುಲ ರಸ್ತೆ ಹಿಡಿದು ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ಹೋಗುವವರಿಗೆ ಅದೇ ಗಾಡಿ ಬೇರೆಯೇ ವಾಹನ. ಇಲ್ಲಿ ಸಮೀಕ್ಷಿಸುವ ಪ್ರತಿಯೊಂದು ವಾದವೂ ಒಂದು ಬಗೆಯ ದಾರಿಗೆ ಚೆನ್ನಾಗಿ ಒಪ್ಪುತ್ತದೆ, ಇನ್ನೊಂದಕ್ಕೆ ಒಪ್ಪುವುದಿಲ್ಲ.

ಹತ್ತು ವರ್ಷದ ಸರದಿಯಿಂದ ಗೇರಿಲ್ಲದ ಗಾಡಿಗೆ

ಸ್ಕೂಟರ್ ಹುಟ್ಟಿದ್ದೇ ಕೆಲಸಕ್ಕೆ ಹೋಗುವವರಿಗಾಗಿ. ಎರಡನೇ ಮಹಾಯುದ್ಧದಲ್ಲಿ ವಿಮಾನ ಕಾರ್ಖಾನೆ ಹಾಳಾದ ಮೇಲೆ ಇಟಲಿಯ ಪಿಯಾಜ್ಜಿಯೊ ಕಂಪನಿ ಜನಸಾಮಾನ್ಯರ ಕೈಗೆಟುಕುವ ಅಗ್ಗದ ವಾಹನ ಮಾಡಲು ಹೊರಟಿತು. ವಿನ್ಯಾಸದ ಹೊಣೆ ಹೊತ್ತ ಕೊರಾಡಿನೊ ದಸ್ಕಾನಿಯೊ ಹೆಲಿಕಾಪ್ಟರ್ ರೂಪಿಸಿದ್ದ ಎಂಜಿನಿಯರ್. ಮೋಟಾರ್‌ಸೈಕಲ್ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಾಲೆತ್ತಿ ದಾಟಿ ಕೂರಬೇಕು, ಚೈನಿನ ಎಣ್ಣೆ ಬಟ್ಟೆಗೆ ಹತ್ತುತ್ತದೆ, ಪಂಕ್ಚರಾದರೆ ಚಕ್ರ ಬಿಚ್ಚುವುದು ಕಷ್ಟ. ಈ ದೂರುಗಳಿಗೆಲ್ಲ ಉತ್ತರವಾಗಿ 1946ರಲ್ಲಿ ವೆಸ್ಪಾ ಬಂತು. ನಡುವೆ ಕಾಲಿಡಲು ತೆರಪು, ಮುಂದೆ ಕೆಸರು ತಡೆಯುವ ತಗಡು, ಸೀಟಿನ ಕೆಳಗೆ ಮುಚ್ಚಿಟ್ಟ ಎಂಜಿನ್, ಪುಟ್ಟ ಚಕ್ರ. ಮರುವರ್ಷ ಮಿಲಾನಿನ ಇನ್ನೊಸೆಂಟಿ ಕಂಪನಿ ಲ್ಯಾಂಬ್ರೆಟ್ಟಾ ತಂದಿತು. ಇಂದಿನ ಸ್ಕೂಟರಿನ ಗುಣದೋಷಗಳೆರಡೂ ಆ ಮೊದಲ ನಕ್ಷೆಯಲ್ಲೇ ಇವೆ: ಸೀರೆ ಉಟ್ಟವರೂ ಸಲೀಸಾಗಿ ಹತ್ತಬಹುದಾದ ತೆರಪು, ಗುಂಡಿ ಸಿಕ್ಕಿದರೆ ಒಳಗೆ ಇಳಿದುಬಿಡುವ ಚಕ್ರ.

ಭಾರತದಲ್ಲಿ ಮುಂಬಯಿಯ ಆಟೊಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟ್ಟಾ ತಯಾರಿಸಿತು. 1960ರ ದಶಕದ ಆರಂಭದಿಂದ ಬಜಾಜ್, ಪಿಯಾಜ್ಜಿಯೊದ ಪರವಾನಗಿಯಲ್ಲಿ ವೆಸ್ಪಾ ಮಾಡಿತು. ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ 1972ರಲ್ಲಿ ಚೇತಕ್ ಬಂತು. ಎಷ್ಟು ಗಾಡಿ ತಯಾರಿಸಬೇಕೆಂಬುದನ್ನು ಸರ್ಕಾರವೇ ನಿಗದಿ ಮಾಡುತ್ತಿದ್ದ ಕಾಲ ಅದು. ಹೆಸರು ಬರೆಸಿ ಹತ್ತು ವರ್ಷದವರೆಗೂ ಕಾದವರಿದ್ದರು. ಆ ತಲೆಮಾರಿಗೆ ಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಇರಲಿಲ್ಲ. ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ಇತ್ತು. ಸಿಕ್ಕವರು ಬೆಳಿಗ್ಗೆ ಅದನ್ನು ಒಂದು ಬದಿಗೆ ವಾಲಿಸಿ, ಕಿಕ್ಕರ್ ಒದ್ದು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಿದ್ದರು.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಕಾರ್ಖಾನೆಯ ಪಕ್ಕದಲ್ಲೇ ಕಾಲೊನಿ ಕಟ್ಟಿದವು, ದೂರದವರನ್ನು ಕರೆತರಲು ಕಂಪನಿ ಬಸ್ ಓಡಿಸಿದವು. ಕೆಲಸಗಾರ ಹೇಗೆ ಬರುತ್ತಾನೆ ಎಂಬುದು ಕೆಲಸ ಕೊಟ್ಟವರ ಹೊಣೆಯೂ ಆಗಿತ್ತು. ಆಮೇಲೆ ಹುಟ್ಟಿಕೊಂಡ ಸಣ್ಣ ಕಾರ್ಖಾನೆ, ಅಂಗಡಿ, ಆಸ್ಪತ್ರೆ, ಗುತ್ತಿಗೆ ಕೆಲಸಗಳಲ್ಲಿ ಆ ಹೊಣೆ ಕೆಲಸಗಾರನ ಹೆಗಲಿಗೇ ಬಂತು. ಸಾಫ್ಟ್‌ವೇರ್ ಕಂಪನಿಗಳು ತಮ್ಮವರಿಗೆ ಕ್ಯಾಬ್ ಕೊಟ್ಟರೂ ಅದೇ ಕಟ್ಟಡದಲ್ಲಿ ದುಡಿಯುವ ಸೆಕ್ಯೂರಿಟಿಯವರು, ಕ್ಯಾಂಟೀನಿನವರು ತಮ್ಮ ದಾರಿ ತಾವೇ ಹುಡುಕಿಕೊಂಡರು. ದ್ವಿಚಕ್ರ ಹೆಚ್ಚಿದ್ದಕ್ಕೆ ಆದಾಯ, ಸಾಲದ ಅನುಕೂಲ ಇತ್ಯಾದಿ ಕಾರಣ ಕೊಡುವವರು ಇದನ್ನು ಹೇಳುವುದನ್ನು ಮರೆಯುತ್ತಾರೆ.

ಮುಂದಿನ ಕಥೆ ಬೇಗ ಹೇಳಬಹುದು. 1972ರ ಲೂನಾ, 1980ರ ಟಿವಿಎಸ್ 50 ಮೊಪೆಡ್‌ಗಳು ದಾರಿ ತೆರೆದವು. 1984ರಲ್ಲಿ ಕೈನೆಟಿಕ್ ಹೋಂಡಾ ಗೇರು, ಕಿಕ್ಕು ಎರಡರ ಹಂಗನ್ನೂ ಬಿಡಿಸಿತು. ತೊಂಬತ್ತರ ದಶಕದಲ್ಲಿ ಮೈಲೇಜ್ ಹೆಚ್ಚು ಕೊಡುವ ಬೈಕುಗಳ ಮುಂದೆ ಸ್ಕೂಟರ್ ಹಿಂದೆ ಬಿತ್ತು. 2001ರಲ್ಲಿ ಆಕ್ಟಿವಾ ಬಂದ ಮೇಲೆ ಮತ್ತೆ ಚೇತರಿಸಿಕೊಂಡಿತು. 2018ರಲ್ಲಿ ಏಥರ್ ತನ್ನ ಬ್ಯಾಟರಿ ಗಾಡಿಯನ್ನು ಬೆಂಗಳೂರಿನಲ್ಲೇ ಮೊದಲು ಮಾರಿತು. 2020ರಲ್ಲಿ ಚೇತಕ್ ಹೆಸರೂ ಬ್ಯಾಟರಿಯೊಂದಿಗೆ ಮರಳಿತು.

ಸಮಯ, ಹಣ, ಮತ್ತು ಬಿಟ್ಟುಹೋಗುವ ಖರ್ಚು

ಮೊದಲ ವಾದ ಸಮಯದ್ದು. ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಕಾರಿನಲ್ಲಿ ಸಾಗಲು 2022ರಲ್ಲಿ ಸರಾಸರಿ 29 ನಿಮಿಷ ಹಿಡಿಯುತ್ತಿತ್ತು ಎಂದು ಟಾಮ್‌ಟಾಮ್ ಸೂಚ್ಯಂಕ ಲೆಕ್ಕ ಹಾಕಿತ್ತು. ಸ್ಕೂಟರಿನವರಿಗೆ ಇದು ಪೂರ್ತಿ ಅನ್ವಯಿಸುವುದಿಲ್ಲ. ಅವರು ಸಿಗ್ನಲ್ಲಿನಲ್ಲಿ ಸಂದಿಯಲ್ಲಿ ನುಸುಳಿ ಮುಂದೆ ಬರುತ್ತಾರೆ, ಪಾರ್ಕಿಂಗಿಗೆ ಸುತ್ತುವುದಿಲ್ಲ. ಬಸ್ಸಿಗೆ ಹೋಲಿಸಿದರೆ ಉಳಿತಾಯ ಬಸ್ಸು ಓಡುವಾಗ ಆಗುವುದಲ್ಲ. ಸ್ಟಾಪಿಗೆ ನಡೆಯುವುದು, ಕಾಯುವುದು, ನಡುವೆ ಬಸ್ ಬದಲಿಸುವುದು, ಇವುಗಳಲ್ಲಿ ಆಗುವುದು. ಹಾಗಾಗಿ ದೂರ ಕಡಿಮೆ ಇದ್ದಷ್ಟೂ ಸ್ಕೂಟರಿನ ಮೇಲುಗೈ ಹೆಚ್ಚು. ಬನಶಂಕರಿಯಿಂದ ಬಸವನಗುಡಿಗೆ ಬಸ್ಸಿನಲ್ಲಿ ಕುಳಿತಿರುವ ಹೊತ್ತಿಗಿಂತ ಬಸ್ಸಿಗೆ ಸಂಬಂಧಿಸಿದ ಉಳಿದ ಹೊತ್ತೇ ಜಾಸ್ತಿ. ಹದಿನೈದು ಕಿಲೋಮೀಟರಿನ ದಾರಿಯಲ್ಲಿ, ಅದೂ ಮೆಟ್ರೊ ಇರುವ ಕಡೆ, ಆ ಮೇಲುಗೈ ಕರಗುತ್ತದೆ.

ಈ ವಾದಕ್ಕೆ ಒಳಗಿನಿಂದಲೇ ಒಂದು ಆಕ್ಷೇಪವಿದೆ. ಊರು ಯಾವುದಾದರೂ, ಕಾಲ ಯಾವುದಾದರೂ, ಜನ ದಿನಕ್ಕೆ ಸರಾಸರಿ ಒಂದು ಗಂಟೆ ಪ್ರಯಾಣಕ್ಕೆ ಕೊಡುತ್ತಾರೆ ಎಂದು ಇಟಲಿಯ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದರು. ವೇಗದ ವಾಹನ ಸಿಕ್ಕರೆ ಸಮಯ ಉಳಿಸುವುದಿಲ್ಲ, ಇನ್ನಷ್ಟು ದೂರದಲ್ಲಿ ಮನೆ ಮಾಡುತ್ತಾರೆ. ಬೆಂಗಳೂರಿನಲ್ಲಿ ದಿನಕ್ಕೆ ಒಂದು ಗಂಟೆಯಲ್ಲಿ ಓಡಾಟ ಮುಗಿಸುವವರು ಭಾಗ್ಯವಂತರು, ಆದರೂ ಮಾತಿನ ತಿರುಳು ನಿಜ: ಗಾಡಿ ಇದೆ ಎಂಬ ಧೈರ್ಯದಿಂದಲೇ ಬಸ್ಸಿಲ್ಲದ ಹೊರಬಡಾವಣೆಯಲ್ಲಿ ಅಗ್ಗದ ಬಾಡಿಗೆಗೆ ಮನೆ ಹಿಡಿಯುವುದು. ಬಾಡಿಗೆಯಲ್ಲಿ ಉಳಿದದ್ದನ್ನು ರಸ್ತೆಯಲ್ಲಿ ಕಟ್ಟುತ್ತೇವೆ.

ಹಣದ ಲೆಕ್ಕದಲ್ಲಿ ಎಲ್ಲರೂ ಮಾಡುವ ತಪ್ಪು ಪೆಟ್ರೋಲನ್ನಷ್ಟೇ ಎಣಿಸುವುದು. ಒಂದು ಉದಾಹರಣೆ ನೋಡೋಣ. ಹೋಗಿಬರಲು ದಿನಕ್ಕೆ 30 ಕಿಲೋಮೀಟರ್, ತಿಂಗಳಿಗೆ 25 ದಿನ, ಅಂದರೆ 750 ಕಿಲೋಮೀಟರ್. ಊರೊಳಗಿನ ಓಡಾಟದಲ್ಲಿ ಲೀಟರಿಗೆ 45 ಕಿಲೋಮೀಟರ್, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 1,700 ರೂಪಾಯಿ. ಇಷ್ಟಕ್ಕೇ ಲೆಕ್ಕ ಮುಗಿಸಿದರೆ ಗಾಡಿ ಗೆದ್ದಂತೆ. ಆದರೆ ರಸ್ತೆಗಿಳಿಯುವಾಗ ಒಂದು ಲಕ್ಷ ಬಿದ್ದ ಗಾಡಿಯನ್ನು ಎಂಟು ವರ್ಷ ಓಡಿಸಿ ಕಾಲು ಲಕ್ಷಕ್ಕೆ ಮಾರಿದರೆ ತಿಂಗಳಿಗೆ ಸುಮಾರು 780 ರೂಪಾಯಿ ಸವೆದಿರುತ್ತದೆ. ವಿಮೆ, ಸರ್ವಿಸ್, ಟೈರು, ಬ್ರೇಕ್ ಶೂ, ಎಮಿಷನ್ ಟೆಸ್ಟ್ ಸೇರಿ ಇನ್ನೊಂದು 500. ಒಟ್ಟು 3,000ದ ಹತ್ತಿರ. ಸಾಲದ ಬಡ್ಡಿ ಇದರಲ್ಲಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಮೆಟ್ರೊದಲ್ಲಿ ಇಷ್ಟು ದೂರಕ್ಕೆ ಒಂದು ಕಡೆಗೆ 60 ರೂಪಾಯಿ ಹಿಡಿದರೆ ತಿಂಗಳಿಗೆ ಅದೂ 3,000. ಕೊನೆಯ ಎರಡು ಕಿಲೋಮೀಟರಿಗೆ ಆಟೊ ಹಿಡಿದರೆ ಮೆಟ್ರೊ ದುಬಾರಿ. ನಡೆದರೆ ಎರಡೂ ಸಮ. ಬಿಎಂಟಿಸಿಯ ತಿಂಗಳ ಪಾಸ್ ಇವೆರಡರ ಅರ್ಧಕ್ಕೂ ಕಡಿಮೆ. ಮೆಟ್ರೊ ದರ ಏರಿಸುವವರು ಈ ಹೋಲಿಕೆಯನ್ನು ಎದುರಿಗಿಟ್ಟುಕೊಳ್ಳಬೇಕಿತ್ತು. ಮನೆಯಲ್ಲಿ ಆಗಲೇ ಗಾಡಿ ಇರುವವರು ಪೆಟ್ರೋಲಿನ 1,700ನ್ನು ಮಾತ್ರ ಮೆಟ್ರೊದ 3,000ದೊಂದಿಗೆ ತೂಗುತ್ತಾರೆ. ಒಮ್ಮೆ ಕೊಂಡ ಗಾಡಿ ಮನೆಯಲ್ಲಿ ನಿಲ್ಲುವುದಿಲ್ಲ.

ಸಾವಿನ ಲೆಕ್ಕ

ಎರಡನೇ ವಾದವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಶೇಕಡಾ 44.5 ಮಂದಿ ದ್ವಿಚಕ್ರದಲ್ಲಿ ಹೋಗುತ್ತಿದ್ದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಇವರಲ್ಲಿ 14,337 ಜನ ಹಿಂದೆ ಕುಳಿತವರು. ಯಾವ ರೋಗಕ್ಕಾದರೂ ದುಡಿಯುವ ವಯಸ್ಸಿನ ಇಷ್ಟು ಜನ ವರ್ಷಾವರ್ಷ ಬಲಿಯಾಗುತ್ತಿದ್ದರೆ ಅದರ ಬಗ್ಗೆ ದಿನಾ ಮಾತಾಡುತ್ತಿದ್ದೆವು.

ಸುರಕ್ಷತೆಯವರಲ್ಲೇ ಎರಡು ಪಂಥಗಳಿವೆ. ಒಂದು ಸವಾರನ ನಡತೆಯ ಮೇಲೆ ನಿಂತದ್ದು: ಒನ್‌ವೇಯಲ್ಲಿ ಎದುರು ಬರುವುದು, ಮೊಬೈಲ್ ಹಿಡಿದು ಓಡಿಸುವುದು, ಹೆಲ್ಮೆಟ್ ಕೈಗೆ ನೇತುಹಾಕುವುದು, ಇವನ್ನು ದಂಡದಿಂದಲೂ ತಿಳಿವಳಿಕೆಯಿಂದಲೂ ತಿದ್ದಬೇಕು ಎನ್ನುತ್ತದೆ. ಪೊಲೀಸ್ ಇಲಾಖೆ, ಪತ್ರಿಕೆ, ಶಾಲೆಗಳ ರಸ್ತೆ ಸುರಕ್ಷತಾ ಸಪ್ತಾಹಗಳ ಭಾಷೆ ಇದೇ. ಇನ್ನೊಂದು ಪಂಥ, ಮನುಷ್ಯ ತಪ್ಪು ಮಾಡುವುದು ಖಚಿತ, ಆ ತಪ್ಪಿಗೆ ಸಾವಿನ ಶಿಕ್ಷೆಯಾಗದಂತೆ ರಸ್ತೆ ಮತ್ತು ವಾಹನಗಳನ್ನು ಕಟ್ಟಬೇಕು ಎನ್ನುತ್ತದೆ. ಸ್ವೀಡನ್ 1997ರಲ್ಲಿ ಇದನ್ನು ಸರ್ಕಾರದ ನೀತಿಯಾಗಿಸಿತು. ನಮ್ಮಲ್ಲಿ ದೆಹಲಿ ಐಐಟಿಯ ದಿನೇಶ್ ಮೋಹನ್ ದಶಕಗಳ ಕಾಲ ಈ ವಾದವನ್ನು ಕಟ್ಟಿದರು. ಭಾರತದ ರಸ್ತೆಗಳಲ್ಲಿ ಸಾಯುವವರು ಬಹುಪಾಲು ಕಾಲ್ನಡಿಗೆಯವರು, ಸೈಕಲ್ಲಿನವರು, ದ್ವಿಚಕ್ರದವರು. ಕಾರಿನವರ ಅನುಕೂಲಕ್ಕೆ ಕಟ್ಟಿದ ರಸ್ತೆ ಇವರನ್ನು ಕಾಯುವುದಿಲ್ಲ ಎಂಬುದು ಅವರ ಮಾತಿನ ಸಾರ. ಆದರೆ ಅವರು ಹೆಲ್ಮೆಟ್ಟನ್ನು ಎಂದೂ ಹಗುರವಾಗಿ ಕಂಡವರಲ್ಲ; ಹೆಲ್ಮೆಟ್ ವಿನ್ಯಾಸವೇ ಅವರ ಸಂಶೋಧನೆಯ ವಿಷಯಗಳಲ್ಲೊಂದಾಗಿತ್ತು.

ಎರಡೂ ಪಂಥ ಸಂದೇಹವಿಲ್ಲದೆ ಒಪ್ಪುವ ವಸ್ತು ಹೆಲ್ಮೆಟ್. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2008ರ ಕೊಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42, ತಲೆಪೆಟ್ಟಿನ ಅಪಾಯವನ್ನು ಶೇಕಡಾ 69ರಷ್ಟು ತಗ್ಗಿಸುತ್ತದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯವಾಗಿದೆ. ಆದರೂ ದಂಡ ತಪ್ಪಿಸಿಕೊಳ್ಳಲು ಹಾಕುವ ಟೋಪಿಯಂಥ ಅರ್ಧ ಹೆಲ್ಮೆಟ್, ಪಟ್ಟಿ ಬಿಗಿಯದ ಹೆಲ್ಮೆಟ್ ಎಲ್ಲ ಸಿಗ್ನಲ್ಲಿನಲ್ಲೂ ಕಾಣುತ್ತವೆ. ಬಿದ್ದಾಗ ಮೊದಲು ಹಾರಿಹೋಗುವುದು ಅದೇ. ಐಎಸ್‌ಐ ಗುರುತಿನ, ಗಲ್ಲ ಮುಚ್ಚುವ ಹೆಲ್ಮೆಟ್ಟಿಗೆ ಬೇಕಾದ ದುಡ್ಡನ್ನು ಗಾಡಿಯ ಬೆಲೆಯಲ್ಲೇ ಸೇರಿಸಿ ಎಣಿಸಬೇಕು. ಅಷ್ಟಕ್ಕೂ ಕೈ ಬಾರದವರು ಗಾಡಿ ಕೊಳ್ಳದಿರುವುದೇ ಸರಿ ಎಂದು ನಾನು ನೇರವಾಗಿ ಹೇಳುತ್ತೇನೆ.

ವೇಗದ ವಿಷಯಕ್ಕೆ ಬಂದಾಗ ದಾರಿಯ ಪ್ರಶ್ನೆ ಎದ್ದು ಕಾಣುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವಾಗ ಅಪಾಯ ಕಂಡು, ಒಂದು ಸೆಕೆಂಡಿನಲ್ಲಿ ಬ್ರೇಕ್ ಹಿಡಿದು, ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 23 ಮೀಟರ್ ಬೇಕು. 60ರಲ್ಲಿ ಅದು ಸುಮಾರು 45 ಮೀಟರ್ ಆಗುತ್ತದೆ. ಗುದ್ದುವಾಗಿನ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಹತ್ತು ಹನ್ನೆರಡು ಇಂಚಿನ ಚಕ್ರ ಇದಕ್ಕೆ ಇನ್ನೊಂದು ತೊಡಕು ಸೇರಿಸುತ್ತದೆ. ಬೈಕಿನ ಹದಿನೇಳು ಇಂಚಿನ ಚಕ್ರ ದಾಟಿ ಹೋಗುವ ಗುಂಡಿಯ ಅಂಚಿಗೆ ಸ್ಕೂಟರಿನ ಚಕ್ರ ಬಡಿದು ಹ್ಯಾಂಡಲ್ ತಿರುಗುತ್ತದೆ. ಬಸವನಗುಡಿಯ ಒಳರಸ್ತೆಯಲ್ಲಿ 25ರ ವೇಗದಲ್ಲಿ ಹೀಗಾದರೆ ಮೊಣಕಾಲು ತರಚುತ್ತದೆ. ಹೊರವರ್ತುಲ ರಸ್ತೆಯಲ್ಲಿ, ಮೇಲ್ಸೇತುವೆ ಇಳಿಯುವಾಗ, ಹಿಂದೆ ಟಿಪ್ಪರ್ ಇರುವಾಗ ಹೀಗಾದರೆ ಏನಾಗುತ್ತದೆಂದು ಬರೆಯಬೇಕಾಗಿಲ್ಲ. ಮೆಟ್ರೊ ಕಾಮಗಾರಿಯ ಕಬ್ಬಿಣದ ತಗಡು, ಮಳೆಯಲ್ಲಿ ನುಣುಪಾಗುವ ಬಿಳಿಗೆರೆ, ಸರ್ವಿಸ್ ರೋಡಿನಿಂದ ಮುಖ್ಯರಸ್ತೆಗೆ ಸೇರುವ ಜಾಗದ ಮರಳು: ಕಾರಿನವರು ಗಮನಿಸದ ಇವೆಲ್ಲ ಸ್ಕೂಟರಿನವರಿಗೆ ಜೀವದ ಪ್ರಶ್ನೆ.

ಬಸ್ಸಿನ ಒಳಗೆ ಕುಳಿತವರು ಇದಕ್ಕಿಂತ ಬಹಳ ಸುರಕ್ಷಿತ, ನಿಜ. ಆದರೆ ಸ್ಟಾಪಿಗೆ ಹೋಗಲು ಅದೇ ಹೊರವರ್ತುಲ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಬೇಕಾದವರ ಅಪಾಯವನ್ನೂ ಬಸ್ ಪ್ರಯಾಣದ ಖಾತೆಗೇ ಬರೆಯಬೇಕು. ಫುಟ್‌ಪಾತ್ ಮೇಲೆ ಗಾಡಿ ಹತ್ತಿಸುವವರು ಆ ಅಪಾಯವನ್ನು ಹೆಚ್ಚಿಸುತ್ತಿದ್ದಾರೆ ಎಂಬುದನ್ನೂ ಮರೆಯಬಾರದು.

ಕಾಯದೆ ಹೊರಡುವ ಸ್ವಾತಂತ್ರ್ಯ

ಮೂರನೇ ವಾದ ಹೆಣ್ಣುಮಕ್ಕಳ ಓಡಾಟದ್ದು. ಗಂಡಸಿನ ಪ್ರಯಾಣ ಸಾಮಾನ್ಯವಾಗಿ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ಹೆಂಗಸರದು ಹಾಗಲ್ಲ: ಮಗುವನ್ನು ಶಾಲೆಗೆ ಬಿಟ್ಟು, ಕೆಲಸಕ್ಕೆ ಹೋಗಿ, ಬರುವಾಗ ತರಕಾರಿ, ಔಷಧಿ ತಂದು, ಟ್ಯೂಷನ್ನಿನಿಂದ ಮಗುವನ್ನು ಕರೆತರುವುದು. ಸಾರಿಗೆ ಸಂಶೋಧಕರು ಹಲವು ದೇಶಗಳಲ್ಲಿ ಕಂಡಿರುವ ಈ ಸರಪಳಿ ಪ್ರಯಾಣಕ್ಕೆ ಬಸ್ಸಿನ ಮಾರ್ಗ ಹೊಂದುವುದಿಲ್ಲ, ಸ್ಕೂಟರ್ ಹೊಂದುತ್ತದೆ. ಗೇರಿಲ್ಲದ ಗಾಡಿ ಬಂದ ಮೇಲೆ ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನವರು ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಹೊರಡುವಂತಾಯಿತು. ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಇದರ ಪರಿಣಾಮ ಬೆಂಗಳೂರಿಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ಅಲ್ಲಿ ದೂರ ಕಡಿಮೆ, ವೇಗ ಕಡಿಮೆ, ಬಸ್ಸೂ ಕಡಿಮೆ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಈ ವಾದವನ್ನು ಹೊಸದಾಗಿ ಯೋಚಿಸುವಂತೆ ಮಾಡಿದೆ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಪೀಣ್ಯದ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದುಡಿಯುವವರಿಗೆ ಈಗ ತೂಗಬೇಕಾದದ್ದು ಗಾಡಿಯ 3,000ಕ್ಕೆ ಎದುರಾಗಿ ಸೊನ್ನೆ. ಅವರಲ್ಲಿ ಅನೇಕರಿಗೆ ಗಾಡಿ ಕೊಳ್ಳುವ ಮಾತು ಮೊದಲೂ ಇರಲಿಲ್ಲ. ನಡೆದು ಹೋಗುತ್ತಿದ್ದವರು ಬಸ್ ಹತ್ತಿದರು. ಆದರೆ ರಾತ್ರಿ ಪಾಳಿ ಮುಗಿಸಿ, ಬಸ್ ಇಳಿದು, ದೀಪವಿಲ್ಲದ ಅಡ್ಡರಸ್ತೆಯಲ್ಲಿ ನಡೆಯಬೇಕಾದವಳಿಗೆ ಉಚಿತ ಟಿಕೆಟ್ ಪೂರ್ತಿ ಉತ್ತರವಾಗುವುದಿಲ್ಲ. ಅವಳು ಸ್ಕೂಟರ್ ಆರಿಸಿಕೊಂಡರೆ ರಸ್ತೆ ಸುರಕ್ಷತೆಯವರ ಅಂಕಿಯನ್ನು ಮುಂದೊಡ್ಡಿ ತಪ್ಪು ಎನ್ನಲು ಬರುವುದಿಲ್ಲ. ಅವಳ ಕಣ್ಣೆದುರು ಇರುವ ಅಪಾಯ ಬೇರೆ.

ಬಸ್ಸಿನ ಪಕ್ಷ

ನಾಲ್ಕನೇ ಪಕ್ಷ ವ್ಯಕ್ತಿಯನ್ನು ಬಿಟ್ಟು ಊರನ್ನು ನೋಡುತ್ತದೆ. ಅಮೆರಿಕದ ಹರ್ಬರ್ಟ್ ಮೋರಿಂಗ್ 1972ರಲ್ಲಿ ತೋರಿಸಿದ ತರ್ಕ ಸರಳ: ಬಸ್ಸಿಗೆ ಜನ ಹೆಚ್ಚಾದರೆ ಬಸ್ಸು ಹೆಚ್ಚುತ್ತವೆ, ಬಸ್ಸು ಹೆಚ್ಚಾದರೆ ಕಾಯುವ ಹೊತ್ತು ಎಲ್ಲರಿಗೂ ಕಡಿಮೆಯಾಗುತ್ತದೆ. ಇದನ್ನು ತಿರುಗಿಸಿ ನೋಡಿ. ಒಬ್ಬ ಬಸ್ ಬಿಟ್ಟು ಗಾಡಿ ಹತ್ತಿದರೆ ಅವನಿಗೆ ಲಾಭ. ಹತ್ತಾರು ಸಾವಿರ ಜನ ಹಾಗೆ ಮಾಡಿದರೆ ಆ ಮಾರ್ಗದ ಬಸ್ಸು ತಗ್ಗುತ್ತವೆ, ರಸ್ತೆ ತುಂಬುತ್ತದೆ, ಉಳಿದ ಬಸ್ಸು ನಿಧಾನವಾಗುತ್ತವೆ, ಇನ್ನಷ್ಟು ಜನ ಬಸ್ ಬಿಡುತ್ತಾರೆ. ಯಾರೂ ತಪ್ಪು ಮಾಡಿಲ್ಲ, ಎಲ್ಲರ ಪ್ರಯಾಣವೂ ಕೆಟ್ಟಿದೆ.

ಸ್ಕೂಟರ್ ಜಾಗ ಹಿಡಿಯುವುದು ಕಡಿಮೆ ಎಂಬ ಸಮಾಧಾನವೂ ಅರ್ಧ ಸತ್ಯವೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1990ರ ಮಾನದಂಡದಲ್ಲಿ ದ್ವಿಚಕ್ರದ ಪಾಲು ಶೇಕಡಾ 5 ಇದ್ದಾಗ ಒಂದು ಗಾಡಿಯನ್ನು ಅರ್ಧ ಕಾರಿಗೆ ಸಮ ಎಂದೂ, ಪಾಲು ಶೇಕಡಾ 10ಕ್ಕೇರಿದಾಗ ಮುಕ್ಕಾಲು ಕಾರಿಗೆ ಸಮ ಎಂದೂ ಹಿಡಿದಿದ್ದಾರೆ. ಗಾಡಿ ಹೆಚ್ಚಿದಂತೆಲ್ಲ ಒಂದೊಂದೂ ಹೆಚ್ಚು ಜಾಗ ತಿನ್ನುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ದ್ವಿಚಕ್ರದ ಪಾಲು ಅದರ ಎಷ್ಟೋ ಪಟ್ಟು.

ಈ ಪಕ್ಷಕ್ಕೆ ಬೆಂಗಳೂರಿನಲ್ಲಿ ಒಮ್ಮೆ ಅವಕಾಶ ಸಿಕ್ಕಿತ್ತು. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟರು. ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಪಥ ಮಾಯವಾಯಿತು. ಅದು ಐದು ವರ್ಷ ನಿಂತಿದ್ದರೆ ಬೆಳ್ಳಂದೂರಿಗೆ ಹೋಗುವವರ ತೀರ್ಮಾನ ಇಂದು ಬೇರೆ ಇರುತ್ತಿತ್ತೆಂದು ನಾನು ನಂಬುತ್ತೇನೆ.

ಗಾಡಿ ಮತ್ತು ಬಸ್ಸನ್ನು ಎದುರಾಳಿಗಳೆಂದು ನೋಡುವುದರಲ್ಲಿ ಈ ಪಕ್ಷ ಎಡವುತ್ತದೆ. ಮನೆಯಿಂದ ಮೆಟ್ರೊ ನಿಲ್ದಾಣದವರೆಗೆ ಮೂರು ನಾಲ್ಕು ಕಿಲೋಮೀಟರ್ ಗಾಡಿ, ಅಲ್ಲಿಂದ ಮುಂದೆ ರೈಲು: ಸ್ಕೂಟರ್ ಚೆನ್ನಾಗಿರುವ ದೂರಕ್ಕೆ ಸ್ಕೂಟರ್, ಅಪಾಯಕಾರಿಯಾದ ದೂರಕ್ಕೆ ರೈಲು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ಸ್ ಸಿಟಿಯ ಕಡೆಗೂ ಈ ದಾರಿ ಸಾಧ್ಯವಾಗಿದೆ. ಆದರೆ ಇದಕ್ಕೆ ನಿಲ್ದಾಣದಲ್ಲಿ ನೆರಳಿರುವ, ಅಗ್ಗದ ಗಾಡಿ ಸ್ಟ್ಯಾಂಡ್ ಬೇಕು. ನಿಲ್ದಾಣ ಕಟ್ಟುವಾಗ ಇದನ್ನು ಕೊನೆಯ ಕೆಲಸವಾಗಿ ನೋಡಲಾಗಿದೆ.

ಹೊಗೆ ಮತ್ತು ಬ್ಯಾಟರಿ

ಹಳೆಯ ಟೂ ಸ್ಟ್ರೋಕ್ ಗಾಡಿಗಳಲ್ಲಿ ಪೆಟ್ರೋಲಿನ ಗಣನೀಯ ಪಾಲು ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತಿತ್ತು. 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಆ ಚಿತ್ರ ಬದಲಾಗಿದೆ. ಈಗಿನ ಪೆಟ್ರೋಲ್ ಸ್ಕೂಟರ್ ಕಿಲೋಮೀಟರಿಗೆ 50 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಬ್ಯಾಟರಿಯದು ಕಲ್ಲಿದ್ದಲಿನ ಕರೆಂಟನ್ನು ಲೆಕ್ಕಕ್ಕೆ ಹಿಡಿದರೂ ಸುಮಾರು ಅದರ ಅರ್ಧ. ತಿಂಗಳ 750 ಕಿಲೋಮೀಟರಿಗೆ ಮನೆಯ ಕರೆಂಟಿನಲ್ಲಿ 200 ರೂಪಾಯಿ ಆಸುಪಾಸು ಸಾಕು. ಇಂಧನದ ಲೆಕ್ಕದಲ್ಲಿ ವಾದವೇ ಇಲ್ಲ.

ವಾದ ಇರುವುದು ಉಳಿದದ್ದರಲ್ಲಿ. ಕೇಂದ್ರದ ಸಹಾಯಧನ 2021ರಲ್ಲಿ ಏರಿ, 2023ರ ಜೂನ್‌ನಲ್ಲಿ ಇಳಿದು, ಮತ್ತೆ ತಗ್ಗಿದೆ. 2022ರ ಬೇಸಿಗೆಯಲ್ಲಿ ಕೆಲವು ಗಾಡಿಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿಯ ಪರೀಕ್ಷಾ ನಿಯಮ ಬಿಗಿಯಾಯಿತು. ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿರುವವರು ಚಾರ್ಜ್ ಮಾಡುವುದೆಲ್ಲಿ ಎಂಬುದಕ್ಕೆ ಮಾತ್ರ ನಿಯಮವೂ ಇಲ್ಲ, ಮನೆಯೊಡೆಯನ ಮನಸ್ಸೇ ಎಲ್ಲ. ಬ್ಯಾಟರಿ ಬಂದರೂ ಗುಂಡಿ, ಟಿಪ್ಪರ್, ತಲೆಪೆಟ್ಟು ಹಾಗೆಯೇ ಇವೆ. ಎದುರಿನ ಲಾರಿಯ ಹೊಗೆ ಕುಡಿಯುವುದೂ ತಪ್ಪುವುದಿಲ್ಲ. ತೆರೆದ ವಾಹನದಲ್ಲಿ ಕುಳಿತವರು ಮುಚ್ಚಿದ ಕಾರಿನವರಿಗಿಂತ ಹೆಚ್ಚು ಧೂಳು ಹೊಗೆ ಒಳಗೆಳೆದುಕೊಳ್ಳುತ್ತಾರೆ.

ಬೇರೆ ಊರುಗಳು ಆರಿಸಿದ ದಾರಿ

ಸ್ಕೂಟರಿನ ಊರುಗಳು ಮೂರು ಬಗೆಯಲ್ಲಿ ನಡೆದಿವೆ. ಚೀನಾದ ಗ್ವಾಂಗ್‌ಝೌ 2007ರಿಂದ ಊರೊಳಗೆ ಮೋಟಾರ್‌ಸೈಕಲ್ ನಿಷೇಧಿಸಿತು. ತೈವಾನ್ ಸ್ಕೂಟರನ್ನು ಒಪ್ಪಿಕೊಂಡು ಅದಕ್ಕೆ ಜಾಗ ಗುರುತಿಸಿತು: ಸಿಗ್ನಲ್ಲಿನಲ್ಲಿ ಕಾರುಗಳ ಮುಂದೆ ಗಾಡಿಗಳಿಗೆಂದೇ ಬರೆದ ಚೌಕ, ದೊಡ್ಡ ವೃತ್ತಗಳಲ್ಲಿ ಒಮ್ಮೆಗೇ ಅಡ್ಡ ತಿರುಗದೆ ಎರಡು ಹಂತದಲ್ಲಿ ತಿರುಗುವ ನಿಯಮ. ಮಲೇಷ್ಯಾ ಎಪ್ಪತ್ತರ ದಶಕದಲ್ಲೇ ಕೌಲಾಲಂಪುರದ ಬಳಿಯ ಫೆಡರಲ್ ಹೆದ್ದಾರಿಯಲ್ಲಿ ದ್ವಿಚಕ್ರಕ್ಕೆ ಪ್ರತ್ಯೇಕ ಪಥ ಕಟ್ಟಿತು. ಅಂಥ ಪಥದಿಂದ ಅಪಘಾತ ಶೇಕಡಾ 39ರಷ್ಟು ತಗ್ಗಿತೆಂದು ಅಲ್ಲಿನ ಸಂಶೋಧಕರು ವರದಿ ಮಾಡಿದ್ದಾರೆ.

ನಮ್ಮದು ಈ ಮೂರೂ ಅಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ದ್ವಿಚಕ್ರ ನಿಷೇಧವಾಯಿತು. ವೇಗ ನೋಡಿದರೆ ನಿರ್ಧಾರ ಸರಿಯೇ. ಆದರೆ ಬಿಡದಿ, ರಾಮನಗರದ ಕಾರ್ಖಾನೆಗಳಿಗೆ ಗಾಡಿಯಲ್ಲಿ ಹೋಗುವವರನ್ನು ಕೆಳಗಿನ ಸರ್ವಿಸ್ ರೋಡಿಗೆ ಕಳಿಸಿದ ಮೇಲೆ ಆ ರಸ್ತೆಯನ್ನು ಅವರಿಗೆ ತಕ್ಕಂತೆ ಕಟ್ಟುವ ಹೊಣೆಯೂ ಇತ್ತು. ಊರೊಳಗಿನ ಹೊರವರ್ತುಲ ರಸ್ತೆಯಲ್ಲಿ ನಿಷೇಧವೂ ಇಲ್ಲ, ಪಥವೂ ಇಲ್ಲ.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳು

ಇಷ್ಟನ್ನೂ ನೋಡಿದ ಮೇಲೆ ಇಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಏಳೆಂಟು ಕಿಲೋಮೀಟರಿನೊಳಗೆ, 40 ದಾಟದ ಒಳರಸ್ತೆಗಳಲ್ಲಿ, ಒಳ್ಳೆಯ ಹೆಲ್ಮೆಟ್ಟಿನೊಂದಿಗೆ ಸ್ಕೂಟರ್ ಸರಿ. ವರ್ತುಲ ರಸ್ತೆ, ಹೆದ್ದಾರಿಯಲ್ಲಿ ದಿನವೂ ಹದಿನೈದಿಪ್ಪತ್ತು ಕಿಲೋಮೀಟರ್ ಆದರೆ ಮೊದಲು ಬಸ್ಸು, ರೈಲು, ಮನೆ ಬದಲಿಸುವುದು, ಎಲ್ಲವನ್ನೂ ಯೋಚಿಸಿ. ಬೇರೆ ದಾರಿಯೇ ಇಲ್ಲದವರು ಹೋಗುತ್ತಾರೆ, ತಪ್ಪು ಅವರದಲ್ಲ.

ಆದರೆ ಈ ಸಲಹೆಯ ಕೆಳಗಿನ ನೆಲ ಇನ್ನೂ ಗಟ್ಟಿಯಾಗಿಲ್ಲ. ಎಷ್ಟು ಜನ ಸತ್ತರೆಂಬ ಎಣಿಕೆ ಇದೆ. ಅವರೆಲ್ಲ ಎಷ್ಟು ಕಿಲೋಮೀಟರ್, ಯಾವ ಬಗೆಯ ರಸ್ತೆಯಲ್ಲಿ ಓಡಿಸಿದ್ದರೆಂಬ ಭರವಸೆಯ ಎಣಿಕೆ ಇಲ್ಲ. ಕೆಲಸಕ್ಕೆ ಜನ ಯಾವ ವಾಹನದಲ್ಲಿ ಎಷ್ಟು ದೂರ ಹೋಗುತ್ತಾರೆಂದು ಜನಗಣತಿ 2011ರಲ್ಲಿ ಕೇಳಿತ್ತು. ಕಿಲೋಮೀಟರಿಗೆ ಇಷ್ಟು ಅಪಾಯ ಎಂಬ ಅಂಕಿ ಇಲ್ಲದೆ ಬೈಕಿಗಿಂತ ಸ್ಕೂಟರ್ ಸುರಕ್ಷಿತವೇ, ಒಳರಸ್ತೆಗಿಂತ ಹೆದ್ದಾರಿ ಎಷ್ಟು ಪಟ್ಟು ಅಪಾಯ ಎಂದು ಖಚಿತವಾಗಿ ಹೇಳಲಾಗದು.

ಬ್ರೇಕಿನ ವಿಷಯವೂ ಹಾಗೆಯೇ. 125 ಸಿಸಿವರೆಗಿನ ಗಾಡಿಗೆ ಒಂದು ಹಿಡಿಕೆ ಒತ್ತಿದರೆ ಎರಡೂ ಚಕ್ರ ಹಿಡಿಯುವ ಜೋಡಿ ಬ್ರೇಕ್ ಸಾಕೆಂಬ ನಿಯಮವಿತ್ತು. ಎಲ್ಲ ದ್ವಿಚಕ್ರಕ್ಕೂ ಬ್ರೇಕ್ ಹಿಡಿದಾಗ ಚಕ್ರ ಕಚ್ಚದಂತೆ ತಡೆಯುವ ಎಬಿಎಸ್ ಇರಲಿ ಎಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಕರಡು ಹೊರಡಿಸಿತು. ಮಳೆಯಲ್ಲಿ ಜಾರಿ ಬೀಳುವವರನ್ನು ಅದು ಉಳಿಸುತ್ತದೆ ಎನ್ನುವವರೂ, ನಿಧಾನಗತಿಯ ಸ್ಕೂಟರಿಗೆ ಬೆಲೆ ಏರಿಸಿ ಬಡವರನ್ನು ಹಳೆಯ ಗಾಡಿಗೆ ಅಂಟಿಸುತ್ತದೆ ಎನ್ನುವವರೂ ಇದ್ದಾರೆ. ಎಂಟು ವರ್ಷ ಓಡಿದ ಬ್ಯಾಟರಿ ಗಾಡಿಗೆ ಸೆಕೆಂಡ್ ಹ್ಯಾಂಡ್ ಬೆಲೆ ಎಷ್ಟೆಂದು ಮಾರುಕಟ್ಟೆ ಇನ್ನೂ ಹೇಳಿಲ್ಲ. ಅದು ಗೊತ್ತಾಗುವವರೆಗೆ ಮೇಲಿನ 780 ರೂಪಾಯಿಯ ಲೆಕ್ಕ ಬ್ಯಾಟರಿ ಗಾಡಿಗೆ ಹೊಂದುತ್ತದೋ ಇಲ್ಲವೋ ಯಾರೂ ಹೇಳಲಾರರು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಒಮ್ಮೆ ಗಾಡಿ ಹತ್ತಿದವರು ಒಳ್ಳೆಯ ಬಸ್ಸು ರೈಲು ಬಂದರೆ ಇಳಿಯುತ್ತಾರೆಯೇ ಎಂಬುದು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಮೆಟ್ರೊ ನೀಲಿ ಮಾರ್ಗ ಇದಕ್ಕೆ ನಾಡಿನಲ್ಲೇ ದೊಡ್ಡ ಪರೀಕ್ಷೆ. ಆ ರಸ್ತೆಯಲ್ಲಿ ಇಂದು ಯಾರು, ಎಷ್ಟು ದೂರ, ಯಾವ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದಾರೆಂದು ರೈಲು ಶುರುವಾಗುವ ಮೊದಲೇ ಎಣಿಸಿಟ್ಟುಕೊಂಡರೆ ಮಾತ್ರ ಆಮೇಲಿನ ಎಣಿಕೆಯನ್ನು ಅದರೊಂದಿಗೆ ಹೋಲಿಸಬಹುದು.